ಹೊನ್ನಮ್ಮನ ಕೊರಳ ಡಬ್ಬಿ

ನಮ್ಮ ಯಜಮಾನರನ್ನು ಹೊಗಳುವವರಿಗೆ ಅಮ್ಮತ್ತಿಯಲ್ಲಿ ಇವತ್ತಿಗೂ ಬರವಿಲ್ಲ. ಅವರು ತೀರಿಕೊಂಡು ಮೂರು ವರ್ಷವಾಯಿತು. ಆದರೂ ಮೋಟಾರ್ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಆ ಕೈಗುಣ ಇನ್ಯಾರಿಗೂ ಬರೋದಿಲ್ಲ ಕಣಮ್ಮ, ಸತ್ತ ರೇಡಿಯೋನೂ ಮಾತಾಡ್ಸೋರು” ಅನ್ನುತ್ತಾರೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ. ಅವರು ಮಾಡಿದ ಎಲ್ಲಕ್ಕಿಂತ ದೊಡ್ಡ ಕೆಲಸ ಯಾವುದು, ಅದನ್ನು ಕೆಡಿಸಿದ್ದು ಯಾರು, ಕೆಟ್ಟದ್ದನ್ನು ಮುಚ್ಚಿಟ್ಟಿದ್ದು ಯಾರು ಎನ್ನುವುದು ಆ ಹೊಗಳುವವರಿಗೆ ಗೊತ್ತಿಲ್ಲ. ಹೊಗಳಿಕೆ ಕೇಳಿ ಕೇಳಿ ನನಗೂ ಸಾಕಾಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ಅವರ ಹೆಸರು ಚನ್ನಮಲ್ಲಪ್ಪ. ಶನಿವಾರಸಂತೆ ಕಡೆಯವರು. ನಮ್ಮ ಲಿಂಗಾಯತರ ಮನೆಗಳಲ್ಲಿ ಗಂಡುಮಕ್ಕಳು ಗದ್ದೆಗೆ ಇಳಿಯುತ್ತಾರೆ, ಇಲ್ಲವೇ ಅಂಗಡಿಯಲ್ಲಿ ಕೂರುತ್ತಾರೆ. ಇವರು ಹದಿನೆಂಟಕ್ಕೇ ಅಪ್ಪನ ಹತ್ತಿರ ಜಗಳವಾಡಿ ಮಿಲಿಟರಿ ಪಟಾಲಂ ಸೇರಿದರು. ಅಲ್ಲಿ ವೈರ್‌ಲೆಸ್ ಕೆಲಸ ಕಲಿತು, ಬರ್ಮಾದ ಗಡಿಯಲ್ಲಿ ಎರಡು ವರ್ಷ ಕಿವಿಗೆ ಸದ್ದು ಕಟ್ಟಿಕೊಂಡು ಕೂತಿದ್ದು, ಯುದ್ಧ ಮುಗಿದ ಮೇಲೆ ಬಂದರು. ಬಂದವರನ್ನು ಅಪ್ಪ ಮನೆಯೊಳಗೆ ಸೇರಿಸಿಕೊಂಡರು, ವ್ಯಾಪಾರಕ್ಕೆ ಸೇರಿಸಿಕೊಳ್ಳಲಿಲ್ಲ. ನನ್ನನ್ನು ಮದುವೆಯಾಗಿ ಅಮ್ಮತ್ತಿಗೆ ಕರೆದುಕೊಂಡು ಬಂದು, ಮೋಟಾರ್ ಸ್ಟ್ಯಾಂಡಿನ ಪಕ್ಕ ಒಂದು ಕೋಣೆ ಹಿಡಿದು ರೇಡಿಯೋ ರಿಪೇರಿ ಶುರುಮಾಡಿದರು. ಹಿಂದಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ.

ಸುತ್ತಮುತ್ತಲಿನ ಎಸ್ಟೇಟುಗಳ ಬಂಗಲೆಗಳಿಂದ ರೇಡಿಯೋಗಳು ಜೀಪಿನಲ್ಲಿ ಬರುತ್ತಿದ್ದವು. ತಂದವರು ಬೆಂಚಿನ ಮೇಲೆ ಕೂತು ನೋಡುತ್ತಿದ್ದರು, ಇವರು ಕೆಲಸ ಮಾಡುತ್ತಲೇ ವಿವರಿಸುತ್ತಿದ್ದರು. ಇದು ವಾಲ್ವು, ಇದು ಕಾಯಿಲು, ಇಲ್ಲಿ ಬಂದ ಸದ್ದು ಅಲ್ಲಿ ದೊಡ್ಡದಾಗುತ್ತದೆ ಎಂದು ಡ್ರೈವರಿನಿಂದ ಹಿಡಿದು ಎಸ್ಟೇಟಿನ ಲೆಕ್ಕ ಬರೆಯುವ ರೈಟರವರೆಗೆ ಎಲ್ಲರಿಗೂ ಪಾಠ. ಅದೇ ಮನುಷ್ಯ ಅಂಗಡಿಯ ಹಿಂಬಾಗಿಲು ದಾಟಿ ಒಳಗೆ ಬಂದರೆ ಬಾಯಿಗೆ ಬೀಗ. “ಏನು ಮಾಡ್ತಿದ್ದೀರಿ?” ಎಂದರೆ “ಏನೋ ಒಂದು” ಅನ್ನುವುದು. ಒಲೆ ಮುಂದೆ ಇರುವವಳಿಗೆ ಹೇಳಿ ಏನಾಗಬೇಕು ಎಂಬ ಭಾವ. ಬೈದುಕೊಂಡು ಹೇಳುತ್ತಿಲ್ಲ. ಬೈಯಲೇಬೇಕಾದ ವಿಷಯ ಇದು.

ನಮಗೆ ಒಬ್ಬಳೇ ಮಗಳು, ಹೊನ್ನಮ್ಮ. ನಾಲ್ಕನೇ ವರ್ಷದಲ್ಲಿ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದಳು. ಎದ್ದಾಗ ಕಿವಿ ಹೋಗಿತ್ತು. ಜ್ವರಕ್ಕೆ ಮೊದಲು ಅವಳು ಚೆನ್ನಾಗಿ ಮಾತಾಡುತ್ತಿದ್ದಳು, ಅದೇ ನಮ್ಮ ಕರುಳು ಹಿಂಡಿದ್ದು. ಕಲಿತ ಮಾತುಗಳು ಒಂದೊಂದಾಗಿ ಕಳಚಿಕೊಳ್ಳುತ್ತ ಬಂದವು. ಒಂದು ತಿಂಗಳು ‘ಸಂತೆ’ ಅನ್ನುವುದು ‘ತಂತೆ’ ಆಯಿತು, ಆಮೇಲೆ ಅದೂ ಇಲ್ಲ, ಬರೀ ಕೈ ತೋರಿಸುವುದು. ಮೈಸೂರಿನ ಡಾಕ್ಟರು ನೋಡಿ, ಪೂರ್ತಿ ಹೋಗಿಲ್ಲ, ಕಿವಿಗೆ ಹಾಕುವ ಮಿಷನ್ ಸಿಕ್ಕರೆ ಕೇಳುತ್ತದೆ, ಬೇಗ ಸಿಗಬೇಕು, ತಡವಾದರೆ ಇರುವ ಮಾತೂ ನಿಲ್ಲುವುದಿಲ್ಲ ಎಂದರು. ಆ ಮಿಷನ್ ಹಡಗಿನಲ್ಲಿ ಬರಬೇಕಿತ್ತು, ನಮ್ಮಂಥವರಿಗಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದನೇ ವರ್ಷ. ಪಾಲಿಬೆಟ್ಟದ ಕಡೆಯ ಒಬ್ಬ ಬಿಳಿ ದೊರೆ ಎಸ್ಟೇಟ್ ಮಾರಿ ಊರಿಗೆ ಹೊರಟಿದ್ದ. ಬಂಗಲೆ ಖಾಲಿ ಮಾಡುವಾಗ ಬೇಡದ ಸಾಮಾನಿನ ಒಂದು ಪೆಟ್ಟಿಗೆಯನ್ನು ಇವರಿಗೆ ಕೊಟ್ಟು ಹೋದ. ಅದರ ತಳದಲ್ಲಿ ಅವನ ಹಳೆಯ ಕಿವಿ ಮಿಷನ್ ಇತ್ತು. ಒಳಗೇ ಬಿಟ್ಟಿದ್ದ ಸೆಲ್ಲು ಒಡೆದು ಸೋರಿ ಎಲ್ಲ ಹಸಿರುಗಟ್ಟಿತ್ತು. ಇವರು ಅದನ್ನು ಬಿಚ್ಚಿ, ಮೈಕು ಮತ್ತು ಕಿವಿಯ ತುಂಡನ್ನು ಒರೆಸಿಟ್ಟು, ಚಿಮಟಿಗೆಯಲ್ಲಿ ಮೂರು ಕಾಳುಗಳನ್ನು ಎತ್ತಿ ಬಿಳಿ ಬಟ್ಟೆಯ ಮೇಲೆ ಇಟ್ಟರು. ಟ್ರಾನ್ಸಿಸ್ಟರ್ ಅಂತೆ. ಒಂದೊಂದೂ ಕಾಳುಮೆಣಸಿಗಿಂತ ಚಿಕ್ಕದು. ಒಂದೊಂದಕ್ಕೂ ತಲೆಗೂದಲಿನಷ್ಟು ತೆಳುವಾದ ಮೂರು ಕಾಲು. ಈ ಮೂರೇ ಬದುಕಿರುವುದು, ಇವನ್ನು ಇಟ್ಟುಕೊಂಡು ಹೊಸದಾಗಿ ಮಾಡುತ್ತೇನೆ ಎಂದರು. ಅಷ್ಟು ಮಾತು ನನಗೆ ಹೇಳಿದ್ದೇ ಹೆಚ್ಚು.

ಅಷ್ಟು ಚಿಕ್ಕದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವುದು ಹೇಗೆ? ಅದಕ್ಕೆ ಅವರೇ ಒಂದು ದಾರಿ ಮಾಡಿಕೊಂಡರು. ತೆಂಗಿನ ಚಿಪ್ಪನ್ನು ಉಗುರಿನಷ್ಟು ಅಗಲಕ್ಕೆ ಕತ್ತರಿಸಿ, ಮೂರು ತೂತು ಹಾಕಿ, ದಪ್ಪ ತಾಮ್ರದ ಮೂರು ತಂತಿ ತೂರಿಸುವುದು. ಕಾಳನ್ನು ಚಿಪ್ಪಿನ ಮೇಲೆ ಅಂಗಾತ ಮಲಗಿಸಿ ಅದರ ಕೂದಲು ಕಾಲುಗಳನ್ನು ಈ ದಪ್ಪ ತಂತಿಗೆ ಬೆಸೆಯುವುದು. ಇದಕ್ಕೆ ‘ಕಾಲು ಕಟ್ಟುವುದು’ ಎನ್ನುತ್ತಿದ್ದರು. ಕೆಂಡದಲ್ಲಿ ಕಾಸಿದ ಬೆಸುಗೆ ಕಡ್ಡಿಯನ್ನು ಮುಟ್ಟಿಸಿ ಒಂದು, ಎರಡು ಎಂದು ಎಣಿಸಿ ಎತ್ತಿಬಿಡುತ್ತಿದ್ದರು. ಕಾಲಿನ ಬುಡಕ್ಕೆ ಒದ್ದೆ ಹತ್ತಿ ಸುತ್ತಿರುತ್ತಿದ್ದರು. ಆ ಹತ್ತಿಯನ್ನು ನೀರಿಗೆ ಅದ್ದಿ ಕೊಡುತ್ತಿದ್ದವಳು ನಾನೇ. ಅವರ ಬೆರಳು ಸುಡದಿರಲಿ ಅಂತ ಹತ್ತಿ ಎಂದುಕೊಂಡಿದ್ದೆ. ಅಲ್ಲ, ಆ ಕಾಳಿಗೆ ಬಿಸಿ ತಾಗಿದರೆ ಅದು ಸತ್ತೇಹೋಗುತ್ತದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಸಿಲ್ವರ್ ಓಕಿನ ಒಂದು ಹಲಗೆ. ಅದರ ಮೇಲೆ ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಹಿತ್ತಾಳೆ ಮೊಳೆ. ಕಾಲು ಕಟ್ಟಿದ ಕಾಳುಗಳನ್ನು ಮೊಳೆಗೆ ಸುತ್ತಿ, ನಡುವೆ ಬೇರೆ ಬೇರೆ ತುಂಡು ಸೇರಿಸಿ, ಕಿವಿಗೆ ಹಿಡಿದು ಕೇಳುವುದು, ತಲೆ ಅಲ್ಲಾಡಿಸುವುದು, ಒಂದು ತುಂಡು ಬಿಚ್ಚಿ ಇನ್ನೊಂದು ಹಾಕುವುದು. ಬಂಗಲೆಯ ರೇಡಿಯೋಗಳು ಮೂಲೆಯಲ್ಲಿ ಧೂಳು ತಿಂದವು. ಕಾಫಿ ಪಿಕ್ಕಿಂಗ್ ಶುರುವಾಗಿ ಮುಗಿಯುವವರೆಗೂ ಇದೇ ಆಯಿತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಹೊನ್ನಮ್ಮನನ್ನು ಹಲಗೆಯ ಮುಂದೆ ಕೂರಿಸಿ ಕಿವಿಗೆ ತುಂಡು ಸಿಕ್ಕಿಸಿದರು. ನನಗೆ ಅವಳ ಹಿಂದೆ ನಿಂತು ಕರೆ ಎಂದು ಸನ್ನೆ ಮಾಡಿದರು. ನಾನು “ಹೊನ್ನಮ್ಮ” ಎಂದೆ. ಇನ್ನೊಂದು ಸಲ ಅಂದೆ. ಮಗು ತಿರುಗಿತು.

“ಅವ್ವ, ಕರೆದ್ಯಾ?” ಎಂದಳು.

ಮೂರು ವರ್ಷದ ಮೇಲೆ ಕೇಳಿದ ಮಾತು ಅದು. ನಾನು ಅಲ್ಲೇ ಕುಕ್ಕರಿಸಿ ಅತ್ತೆ. ಅವಳಿಗೆ ನನ್ನ ಅಳುವಿನ ಸದ್ದೂ ಹೊಸದು, ಬಗ್ಗಿ ಬಗ್ಗಿ ಕೇಳಿದಳು. ಆಮೇಲೆ ಮನೆಯಲ್ಲಿದ್ದ ಸದ್ದನ್ನೆಲ್ಲ ಮಾಡಿಸಿದಳು. ರಾಗಿಯನ್ನು ಡಬ್ಬಕ್ಕೆ ಸುರಿದೆ, ಪೊರಕೆ ಆಡಿಸಿದೆ, ಬಳೆ ಅಲ್ಲಾಡಿಸಿದೆ. “ಇನ್ನೊಂದ್ಸಲ” ಎನ್ನುತ್ತಲೇ ಇದ್ದಳು. ಏಪ್ರಿಲ್ ಮುಗಿಯುವ ಹೊತ್ತಿಗೆ ‘ಸಂತೆ’ ಎಂಬ ಮಾತು ಸರಿಯಾಗಿ ಹಿಂದೆ ಬಂದಿತ್ತು. ನನ್ನ ಜೀವನದಲ್ಲಿ ಸುಖ ಅಂತ ಇದ್ದರೆ ಆ ದಿನಗಳು.

ಇನ್ನು ಶಾಲೆ. ಅವಳಿಗೆ ಏಳು ತುಂಬಿತ್ತು. ಊರಾಚೆ ಒಂದು ಎಸ್ಟೇಟಿನ ಶಾಲೆಯಿತ್ತು, ಹೆಸರು ಬೇಡ. ಪೂವಯ್ಯ ಎನ್ನುವವರು ಅಲ್ಲಿ ಇದ್ದ ಒಬ್ಬರೇ ಮಾಸ್ತರು, ನ್ಯಾಯವಂತರು ಎಂದು ಹೆಸರು. ಹಿಂದಿನ ವರ್ಷ, ಕಿವಿ ಕೇಳುವುದಿಲ್ಲ ಎಂದು, ಹೊನ್ನಮ್ಮನನ್ನು ಸೇರಿಸಿಕೊಂಡಿರಲಿಲ್ಲ. ಈಗ ಮತ್ತೆ ಕೇಳಿದಾಗ ಬಂದು ಹಲಗೆಯನ್ನು ನೋಡಿದರು, ಮೆಚ್ಚಿಕೊಂಡರು.

“ಕೆಲಸ ಭಾರೀ ಉಂಟು ಮಾರಾಯ್ರೇ. ಆದ್ರೆ ಮೊಳೆ ಹೊಡೆದ ಹಲಗೆ ಹೊತ್ತುಕೊಂಡು ಮಗು ಕ್ಲಾಸಿಗೆ ಬರುದು ಹೇಗೆ? ಕೊರಳಿಗೆ ಹಾಕುವ ಹಾಗೆ ಮಾಡಿಕೊಡಿ. ಶಾಲೆ ಓಪನ್ ಆಗುವ ದಿವಸ ಬೆನ್ನ ಹಿಂದಿನಿಂದ ಕರೀತೇನೆ. ಉತ್ತರ ಕೊಟ್ರೆ ಸೇರಿಸಿದೆ ಅಂತಲೇ ಲೆಕ್ಕ” ಎಂದರು.

ಹಲಗೆಯದನ್ನೇ ಡಬ್ಬಿಗೆ ಇಳಿಸಬೇಕು. ಇನ್ನೂ ಮೂರು ಕಾಳು ಇದ್ದರೆ ಹಲಗೆಯನ್ನು ಹಾಗೇ ಇಟ್ಟು ಪಕ್ಕದಲ್ಲಿ ಡಬ್ಬಿ ಮಾಡಬಹುದಿತ್ತು. ಇರಲಿಲ್ಲ. ಕೇಳುತ್ತಿದ್ದುದನ್ನು ಬಿಚ್ಚಿದರು. ಅವತ್ತು ಹೊನ್ನಮ್ಮ ಅವರ ಕೈ ಹಿಡಿದು ಎಳೆದಾಡಿದಳು. ನಶ್ಯದ ಡಬ್ಬಿಯೊಳಗೆ ಎಲ್ಲವನ್ನೂ ಕೂರಿಸುವುದಕ್ಕೆ ಮೇ ತಿಂಗಳು ಪೂರ್ತಿ ಹಿಡಿಯಿತು. ಮಳೆಗಾಲದ ತಂಡಿ ಒಳಗೆ ಹೋಗಬಾರದು ಎಂದು ಜೇನುಮೇಣ ಕರಗಿಸಿ, ಆರಲು ಬಿಟ್ಟು, ಇನ್ನೇನು ಹೆಪ್ಪುಗಟ್ಟಬೇಕು ಅನ್ನುವಾಗ ಮೆಲ್ಲಗೆ ಸುರಿದರು. ಹಸಿರು ದಾರ ಹಾಕಿ ಅವಳ ಕೊರಳಿಗೆ ಕಟ್ಟಿದರು. ಹಲಗೆಗಿಂತ ಚೆನ್ನಾಗಿ ಕೇಳಿತು. ಶಾಲೆಗೆ ಇನ್ನು ನಾಲ್ಕು ದಿನ ಇತ್ತು.

ಆ ವರ್ಷ ಮಳೆ ಬೇಗ ಹಿಡಿದಿತ್ತು. ಭಾನುವಾರ ಬೆಳಿಗ್ಗೆ ಇವರು ಪಾಲಿಬೆಟ್ಟಕ್ಕೆ ಯಾವುದೋ ಬಂಗಲೆಯ ರೇಡಿಯೋ ನೋಡಲು ಹೋದರು. ಹೊನ್ನಮ್ಮ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೇಳುತ್ತ ಜಗಲಿಯಲ್ಲಿದ್ದವಳು, ನಾನು ನೋಡುವಷ್ಟರಲ್ಲಿ ಅಂಗಳಕ್ಕೆ ಇಳಿದು ನೆಂದುಬಿಟ್ಟಿದ್ದಳು. ಒಳಗೆ ಎಳೆದುಕೊಂಡು ಬಂದೆ. ಡಬ್ಬಿ ತೋರಿಸಿ “ಅವ್ವ, ಗರಗರ ಅಂತದೆ” ಎಂದಳು. ನಾಳೆ ಬೆಳಗಾದರೆ ಶಾಲೆ.

ಕೊಡಗಿನ ಹೆಂಗಸು ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಏನು ಮಾಡುತ್ತಾಳೆ? ಒಲೆಯ ಮೇಲೆ ಸೂರಿಗೆ ತೂಗುಹಾಕಿದ ಬಿದಿರಿನ ಅಟ್ಟದ ಮೇಲೆ ಇಡುತ್ತಾಳೆ. ಉಪ್ಪು, ಬೆಂಕಿಪೊಟ್ಟಣ, ಏಲಕ್ಕಿ, ಮಗುವಿನ ಬಟ್ಟೆ, ಗಂಡಸರ ಕೋವಿ, ಎಲ್ಲ ಬೆಚ್ಚಗೆ ಉಳಿಯುವುದು ಅಲ್ಲೇ. ನಾಲ್ಕು ತಿಂಗಳು ಈ ನಾಡು ಬೂಷ್ಟು ಹಿಡಿಯದೆ ಇರುವುದೇ ಆ ಅಟ್ಟದಿಂದ. ಪಕ್ಕದ ಮನೆಯ ಬೊಳ್ಳಮ್ಮ, ಗೌಡರ ಪೈಕಿ ಹಿರಿಯವಳು, ಬಂದು ನೋಡಿ “ಎಂತ ಮಾಡ್ದು ಅಂತ ಕೂತರೆ ಆಗುದಿಲ್ಲ ರುದ್ರಕ್ಕ, ಬೇಗ ಅಟ್ಟಕ್ಕೆ ಹಾಕಿ” ಎಂದಳು. ಅವಳು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಡಬ್ಬಿಯನ್ನು ಮಗುವಿನ ಹಳೆಯ ಲಂಗದಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ಬೇಗ ಒಣಗಲಿ ಎಂದು ಒಲೆಗೆ ಇನ್ನೂ ಎರಡು ಕೊರಡು ತುರುಕಿದೆ.

ಸಂಜೆಯ ಹೊತ್ತಿಗೆ ಅಡುಗೆಮನೆ ತುಂಬ ಜೇನಿನ ವಾಸನೆ. ತಲೆಯೆತ್ತಿ ನೋಡಿದರೆ ಲಂಗ ಮೇಣದಲ್ಲಿ ನೆಂದು ತೊಟ್ಟಿಕ್ಕುತ್ತಿತ್ತು. ಕೈಗೆ ತೆಗೆದುಕೊಂಡೆ, ಸುಟ್ಟಿತು. ಆರಿದ ಮೇಲೆ ಹೊನ್ನಮ್ಮನ ಕಿವಿಗೆ ಸಿಕ್ಕಿಸಿ ಕರೆದೆ. ಅವಳು ನನ್ನ ಬಾಯಿಯನ್ನೇ ನೋಡುತ್ತ ನಿಂತಳು.

ಇವರು ಬಂದು ಬಿಚ್ಚಿ ನೋಡಿದರು. ಒಂದೊಂದೇ ಕಾಳನ್ನು ಮೀಟರಿನ ಸೂಜಿ ಹಿಡಿದು ಪರೀಕ್ಷೆ ಮಾಡಿದರು. ಬಿಸಿಗೆ ಮೂರೂ ಸತ್ತಿದ್ದವು. ನಾನು ಬೈಗುಳಕ್ಕೆ ಕಾದು ನಿಂತಿದ್ದೆ.

“ನೀರು ಒಳಗೆ ಹೋಗೇ ಇರ್ಲಿಲ್ಲ ರುದ್ರಮ್ಮ. ಮೇಣ ಹಾಕಿದ್ನಲ್ಲ. ಕಿವಿ ವೈರಿನ ಪಿನ್ನು ಒದ್ದೆಯಾಗಿತ್ತು, ಅಷ್ಟೆ. ಸೆರಗಲ್ಲಿ ಒರೆಸಿದ್ರೆ ಸಾಕಿತ್ತು” ಎಂದರು.

“ಹೇಳಿದ್ರಾ ನನಗೆ?” ಎಂದೆ. “ಬಸ್ಸಿನ ಕಂಡಕ್ಟರಿಗೆ ಕೂಡ ಹೇಳ್ತೀರಿ. ಬಿಸಿ ತಾಗಬಾರ್ದು ಅಂತ ನನಗೆ ಒಂದು ಮಾತು ಹೇಳಿದ್ರಾ?”

ಅವರು ಸೂಜಿ ಕೆಳಗಿಟ್ಟರು. ನಾನು ಗೆದ್ದೆ, ಮಗು ಕಿವುಡಿಯಾಗಿ ಒಲೆಯ ಮುಂದೆ ಕೂತಿತ್ತು.

ಆಮೇಲೆ ಅವರು ಮಾಡಿದ್ದು ಅವರ ತಪ್ಪು. ಪೂವಯ್ಯ ಮಾಸ್ತರು ಹೊಸ ಮಕ್ಕಳಿಗೆ ಕೇಳುವುದು ಪ್ರತಿ ವರ್ಷವೂ ಅವೇ ಮೂರು ಪ್ರಶ್ನೆ, ಅದೇ ವರಸೆಯಲ್ಲಿ: ಹೆಸರೇನು, ವಯಸ್ಸೆಷ್ಟು, ತಂದೆ ಹೆಸರೇನು. ಎಸ್ಟೇಟಿನ ಕೂಲಿ ಲೈನಿನ ಮಕ್ಕಳಿಗೂ ಅದು ಬಾಯಿಪಾಠ. ಇವರು ಮೇಣ ಕೆರೆದು, ಸತ್ತ ಡಬ್ಬಿಯನ್ನು ಮುಚ್ಚಿ, ಮಗುವಿನ ಕೊರಳಿಗೆ ಹಾಕಿ ಕೂರಿಸಿಕೊಂಡರು. ಅಪ್ಪ ಒಂದು ಬೆರಳು ಮಡಿಸಿದರೆ ಹೆಸರು ಹೇಳು, ಎರಡಕ್ಕೆ ವಯಸ್ಸು, ಮೂರಕ್ಕೆ ಅಪ್ಪನ ಹೆಸರು.

“ಇದು ಬೇಡ, ನಿಜ ಹೇಳೋಣ” ಎಂದೆ.

“ಹೇಳಿದ್ರೆ ಈ ವರ್ಷವೂ ಹೋಯ್ತು. ಮದ್ರಾಸಿಗೆ ಕಾಗದ ಬರೀತೀನಿ, ಹದಿನೈದು ದಿನದಲ್ಲಿ ಕಾಳು ಬರ್ತವೆ. ಬಂದ ಮೇಲೆ ಎಲ್ಲ ನಿಜವೇ ಆಗ್ತದೆ” ಎಂದರು.

ಕೆಡಿಸಿದವಳು ನಾನು, ಹಟ ಮಾಡಲು ನನಗೆ ಬಾಯಿ ಎಲ್ಲಿತ್ತು?

ಸೋಮವಾರ ಮಾಸ್ತರು ಅವಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ ಹಿಂದಿನಿಂದ ಕೇಳಿದರು. ಇವರು ಗೋಡೆಯ ಪಕ್ಕ ಕೊಡೆ ಹಿಡಿದು ನಿಂತು, ಕೊಡೆಯ ಹಿಡಿಯ ಮೇಲೆ ಬೆರಳು ಮಡಿಸಿದರು. ಮಗು ಮೂರಕ್ಕೂ ಸರಿಯಾಗಿ ಹೇಳಿತು. ಮಾಸ್ತರ ಕಣ್ಣಲ್ಲಿ ನೀರು ಬಂತು. ಎಲ್ಲ ಮಕ್ಕಳನ್ನೂ ಕರೆದು, “ನೋಡಿ, ಇವಳ ಅಪ್ಪ ಕೈಯಾರೆ ಮಾಡಿದ ಮಿಷನ್. ಇವಳಿಗೂ ನಿಮ್ಮ ಹಾಗೇ ಕೇಳ್ತದೆ. ಯಾರೂ ಕಿವುಡಿ ಅಂತ ಹೇಳಬಾರದು. ಇವಳಿಗೆ ರಿಯಾಯಿತಿಯೂ ಇಲ್ಲ” ಎಂದರು.

ಹಾಗೆಯೇ ನಡೆಸಿದರು. ಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ, ಅದೇ ನನಗೆ ಆಗದ ವಿಷಯ. ಸಿಟ್ಟು ಮಾಡಲು ಒಬ್ಬರಾದರೂ ಬೇಕಿತ್ತು. ಅವರು ಬೋರ್ಡಿನ ಕಡೆ ತಿರುಗಿ ಬರೆಯುತ್ತ ಲೆಕ್ಕ ಕೇಳುತ್ತಿದ್ದರು, ಇವಳು ಉತ್ತರ ಕೊಡುತ್ತಿರಲಿಲ್ಲ. ಡಬ್ಬಿ ಕೊರಳಲ್ಲೇ ಇದೆ, ಮೊದಲ ದಿನ ಬೆನ್ನ ಹಿಂದಿನ ಮಾತು ಕೇಳಿದವಳಿಗೆ ಈಗ ಏನು ಧಾಡಿ? ಕೊಬ್ಬು ಎಂದುಕೊಂಡರು. ಎಲ್ಲ ಮಕ್ಕಳಿಗೆ ಬೆತ್ತದ ಏಟು ಎಷ್ಟು ಬೀಳುತ್ತಿತ್ತೋ ಅಷ್ಟೇ ಇವಳಿಗೂ. ಹೆಚ್ಚಿಲ್ಲ, ಕಡಿಮೆ ಇಲ್ಲ. ಆದರೆ ಬೇರೆ ಮಕ್ಕಳಿಗೆ ಯಾವಾಗಲೋ ಒಮ್ಮೆ, ಇವಳಿಗೆ ದಿನಾ. ಅಂಗೈ ಬಾತುಕೊಂಡು ಮನೆಗೆ ಬರುತ್ತಿದ್ದಳು. ನಾನು ಎಣ್ಣೆ ಹಚ್ಚುತ್ತಿದ್ದೆ. ಇವರು ನೋಡದ ಹಾಗೆ ಅಂಗಡಿಗೆ ಎದ್ದು ಹೋಗುತ್ತಿದ್ದರು.

“ನಾಳೆ ಹೋಗಿ ಹೇಳಿಬಿಡಿ. ಇಲ್ಲಾಂದ್ರೆ ನಾನು ಹೋಗ್ತೀನಿ” ಎಂದು ಜುಲೈಯಲ್ಲಿ ಒಮ್ಮೆ ಜಗಳ ತೆಗೆದೆ.

“ಕಾಗದ ಬಂದಿದೆ, ಮಾಲು ಹೊರಟಿದೆಯಂತೆ. ಈಗ ಹೇಳಿದ್ರೆ ಮಗಳನ್ನೂ ಸುಳ್ಳಿ ಅಂತಾರೆ. ಒಂದು ವಾರ ತಡ್ಕೋ” ಎಂದರು.

ತಡೆದುಕೊಂಡೆ. ಮಾಲು ಬಂತು, ಬೇರೆಯದೇ ಬಂತು. ವಾಪಸ್ ಕಳಿಸಿದರು. ಮಳೆಗೆ ಗುಡ್ಡ ಜರಿದು ಕೇರಳದ ದಾರಿ ನಿಂತಿತ್ತು. ದಾರಿ ತೆರೆದ ಮೇಲೆ ಲಾರಿಯ ಒಬ್ಬ ಡ್ರೈವರಿಗೆ ಹೇಳಿ ತಲಶೇರಿಯಿಂದ ತರಿಸಲು ನೋಡಿದರು. ಗಡಿಯ ಮಾಕುಟ್ಟದ ಗೇಟಿಗೆ ತಾವೇ ಹೋಗಿ ಎರಡು ಸಲ ಕಾದು ಬಂದರು. ಮೂರನೇ ಸಲ ಅಂಗಿ ಜೇಬಿನಲ್ಲಿ ಮೂರು ಕಾಳು ಇಟ್ಟುಕೊಂಡು ಬಂದರು. ಅಷ್ಟರಲ್ಲಿ ನವೆಂಬರ್. ಹೊನ್ನಮ್ಮ ಮನೆಯಲ್ಲೂ ಮಾತಾಡುವುದನ್ನು ಪೂರ್ತಿ ಬಿಟ್ಟಿದ್ದಳು. ಬಾಯಿ ತೆರೆದರೆ ತಪ್ಪು ಎಂದು ಅವಳಿಗೆ ಅನ್ನಿಸಿತ್ತೋ ಏನೋ.

ಇವರು ಎರಡೇ ದಿನದಲ್ಲಿ ಡಬ್ಬಿಯನ್ನು ಮತ್ತೆ ಕಟ್ಟಿದರು. ಕೈ ಅಷ್ಟು ಪಳಗಿತ್ತು. ಈ ಸಲ ಪ್ರತಿಯೊಂದನ್ನೂ ನನಗೆ ಹೇಳಿಕೊಡುತ್ತ ಹೋದರು. ಇದು ಬಿಸಿಗೆ ಆಗದು, ಇದನ್ನು ಎಳೆಯಬಾರದು, ಇದನ್ನು ಹೀಗೆ ಒರೆಸಬೇಕು. ನಾನು ಹೂಂ ಹೂಂ ಎಂದೆ. ಅವರು ಹೇಳಿಕೊಡುವುದನ್ನು ಕೇಳಲು ಹದಿನೈದು ವರ್ಷ ಕಾದಿದ್ದೆ, ಅವತ್ತು ಒಂದೂ ತಲೆಗೆ ಇಳಿಯಲಿಲ್ಲ.

ಬೆಳಿಗ್ಗೆ ಹೊನ್ನಮ್ಮನನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಡಬ್ಬಿ ಕೊರಳಿಗೆ ಹಾಕಿದರು. ಇನ್ನೂ ಸತ್ತದ್ದೇ ಎಂದುಕೊಂಡು ಅವಳು ಸುಮ್ಮನೆ ಹಾಕಿಸಿಕೊಂಡಳು. ಇವರು ಅವಳ ಬೆನ್ನ ಹಿಂದೆ ಹೋಗಿ ನಿಂತು, “ಮಗಳೇ, ಇನ್ನು ಮೇಲೆ ಎಲ್ಲ ಸರಿಯಾಗ್ತದೆ” ಎಂದರು.

ಅವಳಿಗೆ ಕೇಳಿಸಿತು. ಕೇಳಿಸಿತು ಅನ್ನುವುದು ನನಗೆ ಅವಳ ಭುಜದಲ್ಲೇ ಗೊತ್ತಾಯಿತು, ಬೆಚ್ಚಿ ಕುಗ್ಗಿತು. ತಿರುಗಿ ಅಪ್ಪನನ್ನು ನೋಡಿದಳು. ಕಿವಿಯ ತುಂಡನ್ನು ತೆಗೆದಳು, ವೈರನ್ನು ಗಂಟಾಗದ ಹಾಗೆ ನಿಧಾನವಾಗಿ ಸುತ್ತಿದಳು, ದಾರವನ್ನು ತಲೆಯ ಮೇಲಿಂದ ಎತ್ತಿ ಡಬ್ಬಿಯನ್ನು ಅವರ ಕೈಗೆ ಕೊಟ್ಟಳು. ಆಮೇಲೆ, ಎಷ್ಟೋ ತಿಂಗಳಲ್ಲಿ ಮೊದಲ ಸಲ ಮತ್ತು ನಮಗೆ ಗೊತ್ತಿದ್ದ ಹಾಗೆ ಕೊನೆಯ ಸಲ, ಒಂದು ಪೂರ್ತಿ ಮಾತು ಆಡಿದಳು.

“ಅಪ್ಪಾ, ಇದು ಹಾಕಿದ್ರೆ ಹೊಡೀತಾರೆ.”